ತಮ್ಮನ ಕುಡಿತ ಬಿಡಿಸಬೇಕು, ಅಡ್ಮಿಟ್ ಮಾಡದೆ ಓಪಿಡಿಯಲ್ಲೇ ಆಗುತ್ತಾ?

ತೆಂಗಿನ ಸೀಮೆ

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರದ ಹಳ್ಳಿಯಿಂದ ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ 34 ವರ್ಷ. ತೋಟ ಇದೆ, ಕೊಬ್ಬರಿ ವ್ಯಾಪಾರ ಇದೆ. ಮೊದಲಿಂದಲೂ ಅಷ್ಟಿಷ್ಟು ಕುಡಿಯುತ್ತಿದ್ದ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ದಿನಾ ಆಯಿತು. ಈಗ ಬೆಳಿಗ್ಗೆ ಎದ್ದ ತಕ್ಷಣ ಬೇಕು.

ಮೊನ್ನೆ ಕಾಫಿ ಕೊಟ್ಟೆ. ಕೈ ಎಷ್ಟು ನಡುಗುತ್ತಿತ್ತು ಅಂದರೆ ಕಾಫಿ ಪಂಚೆ ಮೇಲೆಲ್ಲ ಚೆಲ್ಲಿತು. ಲೋಟವನ್ನು ಕಟ್ಟೆ ಮೇಲಿಟ್ಟು, ಬಗ್ಗಿ ಬಾಯಿ ಹಚ್ಚಿ ಕುಡಿದ, ಕರು ನೀರು ಕುಡಿಯುವ ಹಾಗೆ. ನಾನು ನೋಡಿಲ್ಲ ಅನ್ನುವ ಹಾಗೆ ಒಳಗೆ ಹೋದೆ.

ಆವತ್ತು ಸಂಜೆ ಅವನೇ ಬಂದು "ಅಕ್ಕಾ, ಬಿಡಬೇಕು ಅನ್ಸುತ್ತೆ, ಆಗ್ತಿಲ್ಲ" ಅಂದ. ನೆಂಟರೆಲ್ಲ ಮೂರು ತಿಂಗಳು ಸೆಂಟರ್‌ಗೆ ಹಾಕಿ ಅನ್ನುತ್ತಾರೆ. ಅವನು ಸುತಾರಾಂ ಒಪ್ಪುವುದಿಲ್ಲ. ಹೆಂಡತಿ ಐದು ತಿಂಗಳ ಬಸುರಿ, ತೋಟ ನೋಡಲು ಬೇರೆ ಯಾರೂ ಇಲ್ಲ. ಮನೆಯಲ್ಲೇ ಇದ್ದು, ಆಸ್ಪತ್ರೆಗೆ ಹೋಗಿ ಬಂದು ಮಾಡಿಕೊಂಡು ಬಿಡಿಸಲು ಆಗುತ್ತಾ?

ಇನ್ನೊಂದು ಹೇಳಬೇಕು. ಕುಡಿಯದೆ ಇದ್ದಾಗಲೂ ಅವನು ಸರಿ ಇರುವುದಿಲ್ಲ. ಯಾರ ಹತ್ತಿರವೂ ಮಾತಿಲ್ಲ. ರಾತ್ರಿ ಎರಡು ಗಂಟೆಗೆ ಜಗಲಿ ಮೇಲೆ ಒಬ್ಬನೇ ಕೂತಿರುತ್ತಾನೆ. ಸೋಮವಾರದಿಂದ ಒಂದು ಹನಿ ಮುಟ್ಟಲ್ಲ ಅಂತ ದೇವರ ಮುಂದೆ ಆಣೆ ಮಾಡಿದ್ದಾನೆ. ಅಷ್ಟರೊಳಗೆ ಏನಾದರೂ ದಾರಿ ಹೇಳಿ.

ರಾತ್ರಿ ಪಾಳಿ ನರ್ಸ್

ಅಕ್ಕಾ, ಮೊದಲು ಆ ಸೋಮವಾರದ ಆಣೆ ನಿಲ್ಲಿಸಿ. ದಯವಿಟ್ಟು. ಬಿಡುವುದು ಬೇಡ ಅಂತ ಹೇಳುತ್ತಿಲ್ಲ. ಡಾಕ್ಟರಿಗೆ ತೋರಿಸದೆ ಒಂದೇ ಸಲ ನಿಲ್ಲಿಸುವುದು ಬೇಡ.

ನಾನು ಎಮರ್ಜೆನ್ಸಿ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಬೆಳಿಗ್ಗೆ ಎದ್ದು ಕೈ ನಡುಗುತ್ತೆ, ಕುಡಿದರೆ ನಿಲ್ಲುತ್ತೆ ಅಂದರೆ ಮೈ ಅದಕ್ಕೆ ಒಗ್ಗಿಕೊಂಡು ಕೂತಿದೆ ಅಂತ ಅರ್ಥ. ದಿಢೀರ್ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲಿ ನಡುಕ, ಬೆವರು, ವಾಕರಿಕೆ ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದವರೆಗೆ ಇನ್ನೂ ಕಷ್ಟ. ಕೆಲವರಿಗೆ ದಿಕ್ಕು ತಪ್ಪುತ್ತೆ, ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ, ಇಲ್ಲದವರನ್ನು ಮಾತಾಡಿಸುತ್ತಾರೆ, ಜ್ವರ ಏರುತ್ತೆ. ಮನೆಯವರು ಗಾಳಿ ಹಿಡಿದಿದೆ ಅಂತ ತಿಳಿದು ಯಂತ್ರ ಕಟ್ಟಿಸಿ ಎರಡು ದಿನ ಕಳೆದು ಕರೆದುಕೊಂಡು ಬರುತ್ತಾರೆ. ಇದರಲ್ಲಿ ಜೀವ ಹೋಗುವುದೂ ಇದೆ. ನಾನು ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ಮಾತು. ಸುಸ್ತು ಅಂತ ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಬೇಡಿ. ಹಾಕಿಸಲೇಬೇಕಾದರೆ ಮೊದಲು "ಇವನು ದಿನಾ ಕುಡಿಯುತ್ತಾನೆ" ಅಂತ ಬಾಯಿ ಬಿಟ್ಟು ಹೇಳಿ. ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರುತ್ತೆ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಮರ್ಯಾದೆಗೆ ಅಂಜಿ ಮನೆಯವರು ಇದನ್ನೇ ಮುಚ್ಚಿಡುತ್ತಾರೆ.

ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿತ್ತಾ? ಕಾಮಾಲೆ? ರಕ್ತ ವಾಂತಿ? ಸಾಯುವ ಮಾತು ಆಡುತ್ತಾನಾ? ಇದರಲ್ಲಿ ಒಂದಿದ್ದರೂ ಓಪಿಡಿ ಸಾಲದು, ಕೆಲವು ದಿನ ಅಡ್ಮಿಟ್ ಆಗಲೇಬೇಕು. ಅಡ್ಮಿಟ್ ಅಂದರೆ ಮೂರು ತಿಂಗಳಲ್ಲ, ಸಾಮಾನ್ಯವಾಗಿ ಒಂದು ವಾರ ಹತ್ತು ದಿನ.

ಹಾಸನ ರೋಡ್

ಓಪಿಡಿ ಗೀಪಿಡಿ ಎಲ್ಲ ಟೈಮ್ ವೇಸ್ಟ್. ನಮ್ಮ ಭಾವನನ್ನು ನಾಲ್ಕು ಸಲ ತೋರಿಸಿದ್ದೇವೆ. ಮಾತ್ರೆ ತಂದು ಗೂಡಲ್ಲಿಟ್ಟು ಕುಡಿಯಲು ಹೋಗುತ್ತಿದ್ದರು. ಆರು ತಿಂಗಳು ಒಳಗೆ ಹಾಕಿ, ಅವನ ಒಪ್ಪಿಗೆ ಯಾಕೆ ಬೇಕು? ಕುಡುಕನನ್ನು ಯಾರಾದರೂ ಕೇಳುತ್ತಾರಾ?

ಕೊಯ್ದ ಭತ್ತ

@ಹಾಸನ ರೋಡ್, ನಿಮ್ಮ ಸಿಟ್ಟು ಅರ್ಥವಾಗುತ್ತೆ ಸರ್. ನಮ್ಮ ಮನೆಯಲ್ಲೂ ಹಾಗೇ ಮಾಡಿದೆವು. ಅಣ್ಣನನ್ನು ಒಂದು ಖಾಸಗಿ ಸೆಂಟರ್‌ನವರು ರಾತ್ರಿ ವ್ಯಾನ್ ತಂದು ಎತ್ತಿಕೊಂಡು ಹೋದರು. ಸಹಿ ಮಾಡಿದ್ದು ನಾನೇ. ಐದು ತಿಂಗಳು ಫೋನ್ ಕೊಡಲಿಲ್ಲ. ಕರೆತಂದ ದಿನ ಕಾಲಿನ ಗೆಣ್ಣಿನ ಹತ್ತಿರ ಸರಪಳಿಯ ಕಪ್ಪು ಗುರುತು ನೋಡಿದೆ. ಬಂದ ಒಂಬತ್ತನೇ ದಿನಕ್ಕೆ ಕುಡಿದ. ಕುಡಿತ ಇವತ್ತು ನಿಂತಿದೆ, ಅದು ಬೇರೆ ಕಡೆ ಓಪಿಡಿಯಲ್ಲಿ. ಆದರೆ ಅವನು ನನ್ನ ಹತ್ತಿರ ಇವತ್ತಿಗೂ ಮನಸ್ಸು ಬಿಚ್ಚಿ ಮಾತಾಡುವುದಿಲ್ಲ.

ಆಮೇಲೆ ತಿಳಿದುಕೊಂಡೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ಸರಪಳಿ ಹಾಕುವಂತೆಯೇ ಇಲ್ಲ. ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ತೊಂದರೆಗಳೂ ಆ ಕಾಯ್ದೆಯೊಳಗೇ ಬರುತ್ತವೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವರನ್ನು ಸೇರಿಸಬೇಕಾದರೆ ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ನೋಡಿ ಬರೆಯಬೇಕು. ಅದಕ್ಕೂ ಮೊದಲಿಗೆ 30 ದಿನದ ಮಿತಿ ಇದೆ. ಮನೆಯವರ ಸಹಿ ಒಂದೇ ಸಾಲುವುದಿಲ್ಲ. ಸೆಂಟರ್‌ಗೆ ನೋಂದಣಿ ಇದೆಯಾ ಅಂತ ಕೇಳುವ ಹಕ್ಕು ನಮಗಿದೆ. ನಾನು ಕೇಳಲಿಲ್ಲ.

ಆಪ್ತ ಸಮಾಲೋಚಕಿ, ಧಾರವಾಡ ಕಡೆ

ತಡವಾಗಿ ನೋಡಿದೆ. ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಆಗುತ್ತಾ ಅಂದರೆ, ಬಹಳ ಜನಕ್ಕೆ ಆಗುತ್ತೆ. ಅಷ್ಟಕ್ಕೂ ಎಲ್ಲರನ್ನೂ ಅಡ್ಮಿಟ್ ಮಾಡಲು ನಮ್ಮ ದೇಶದಲ್ಲಿ ಹಾಸಿಗೆ ಎಲ್ಲಿವೆ? 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ಲೆಕ್ಕ ಇದೆ. ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಏನೋ ಒಂದು ಚಿಕಿತ್ಸೆ ಸಿಕ್ಕಿದೆ. ಅಡ್ಮಿಟ್ ಆಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಉಳಿದವರೆಲ್ಲ ಮನೆಯಲ್ಲೇ ಆಣೆ, ಜಗಳ, ಸಾಲದ ನಡುವೆ ಇದ್ದಾರೆ. ಅವರಿಗೆ ಹತ್ತಿರದ ಆಸ್ಪತ್ರೆಯ ಓಪಿಡಿ ಬಾಗಿಲೇ ದೊಡ್ಡದು.

ಮೊದಲ ದಿನ ಏನು ಮಾಡುತ್ತಾರೆ ಅಂತ ಹೇಳುತ್ತೇನೆ, ಭಯ ಸ್ವಲ್ಪ ಕಡಿಮೆ ಆಗುತ್ತೆ. ಓಪಿ ಚೀಟಿ ಮಾಡಿಸಿ ಕೂತರೆ ಮೊದಲು ಪ್ರಶ್ನೆಗಳು. ದಿನಕ್ಕೆ ಎಷ್ಟು, ಮೊದಲ ಪೆಗ್ ಎಷ್ಟು ಹೊತ್ತಿಗೆ, ಕೊನೆಯದು ಯಾವಾಗ, ಬಿಟ್ಟಾಗ ಏನಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಯ ಪಟ್ಟಿಯೊಂದಿದೆ, ಆಡಿಟ್ ಅಂತ, ಅದನ್ನು ಕೇಳಬಹುದು. ಆಮೇಲೆ ಬಿಪಿ, ರಕ್ತ ಪರೀಕ್ಷೆ, ಲಿವರ್ ಹೇಗಿದೆ ಅಂತ. ಇಲ್ಲಿ ಒಂದೇ ಒಂದು ಬೇಡಿಕೆ. ಪ್ರಮಾಣ ಸುಳ್ಳು ಹೇಳಬೇಡಿ. "ಒಂದೇ ಕ್ವಾರ್ಟರ್ ಮೇಡಂ" ಅನ್ನುತ್ತಾರೆ. 180 ಎಂಎಲ್ ವಿಸ್ಕಿಯಲ್ಲಿ ಹತ್ತಿರ ಹತ್ತಿರ 60 ಗ್ರಾಂ ಶುದ್ಧ ಮದ್ಯ ಇರುತ್ತೆ, ಅದೇ ಜಾಸ್ತಿ. ಮೂರು ಕುಡಿದು ಒಂದು ಅಂದರೆ ಮಾತ್ರೆಯ ಡೋಸ್ ಕಡಿಮೆ ಬೀಳುತ್ತೆ, ರಾತ್ರಿ ನಡುಕ ತಡೆಯದೆ ಮತ್ತೆ ಅಂಗಡಿಗೆ ಹೋಗುತ್ತಾರೆ. ಆಮೇಲೆ ಮಾತ್ರೆ ಕೆಲಸ ಮಾಡಲಿಲ್ಲ ಅನ್ನುತ್ತಾರೆ.

ಮೊದಲ ವಾರದ ಮಾತ್ರೆ ನಡುಕ, ಫಿಟ್ಸ್ ತಡೆಯಲು. ಕ್ಲೋರ್‌ಡಯಾಜೆಪಾಕ್ಸೈಡ್ ಅಂತ ಬರೆಯುತ್ತಾರೆ, ಲಿವರ್ ಸರಿ ಇಲ್ಲದಿದ್ದರೆ ಬೇರೆಯದು. ದಿನ ದಿನಕ್ಕೆ ಕಡಿಮೆ ಮಾಡಿಕೊಂಡು ಬಂದು ಒಂದು ವಾರ ಹತ್ತು ದಿನದಲ್ಲಿ ನಿಲ್ಲಿಸುತ್ತಾರೆ. ಇದರ ಜೊತೆ ಕುಡಿಯಲೇಬಾರದು, ಉಸಿರಿಗೇ ತೊಂದರೆ ಆಗಬಹುದು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪ್‌ನಿಂದ ಮತ್ತೆ ಮತ್ತೆ ತರಬಾರದು, ಕುಡಿತ ಹೋಗಿ ಮಾತ್ರೆ ಚಟ ಬರುತ್ತೆ. ಮಾತ್ರೆ ಮನೆಯವರ ಕೈಯಲ್ಲಿರಲಿ.

ನಿಜವಾದ ಕೆಲಸ ಆಮೇಲೆ ಶುರುವಾಗುವುದು. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೋಫೆನ್ ಇವೆ. ಯಾವುದು ಯಾರಿಗೆ ಅಂತ ಲಿವರ್, ಕಿಡ್ನಿ ನೋಡಿ ಡಾಕ್ಟರ್ ತೀರ್ಮಾನ ಮಾಡುತ್ತಾರೆ. ಇವು ತಿಂಗಳುಗಟ್ಟಲೆ ಬೇಕು. ಜೊತೆಗೆ ಮಾತು. ಯಾವ ಹೊತ್ತಿಗೆ ಆಸೆ ಬರುತ್ತೆ, ಯಾವ ದಾರಿಯಲ್ಲಿ ಅಂಗಡಿ ಇದೆ, ಕೈಗೆ ದುಡ್ಡು ಬಂದ ದಿನ ಏನು ಮಾಡಬೇಕು, ಇವೆಲ್ಲ ಕೂತು ಲೆಕ್ಕ ಹಾಕುತ್ತೇವೆ. ತೋಟದವರಿಗೆ ಕೊಬ್ಬರಿ ಮಾರಿದ ದಿನವೇ ಗಂಡಾಂತರ.

ರಾತ್ರಿ ಜಗಲಿ ಮೇಲೆ ಕೂರುವುದು ಅಂದಿರಲ್ಲ, ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ. ದುಃಖಕ್ಕೆ ಕುಡಿತ ಬಂದಿದೆಯೋ, ಕುಡಿತಕ್ಕೆ ದುಃಖ ಬಂದಿದೆಯೋ ಮೊದಲ ದಿನ ಗೊತ್ತಾಗುವುದಿಲ್ಲ. ಕುಡಿತ ನಿಂತು ಎರಡು ಮೂರು ವಾರ ಆದ ಮೇಲೆ ಕೆಲವರ ಮನಸ್ಸು ತಾನೇ ತಿಳಿಯಾಗುತ್ತೆ. ಕೆಲವರದು ಆಗುವುದಿಲ್ಲ. ಆಗದಿದ್ದರೆ ಅದು ಖಿನ್ನತೆ, ಅದಕ್ಕೆ ಬೇರೆ ಔಷಧಿ ಬೇಕು. "ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸು ನೋಡೋಣ" ಅಂತ ಕಳಿಸಿದರೆ ಅರ್ಧ ಚಿಕಿತ್ಸೆ. ಎರಡೂ ಒಂದೇ ಕಡೆ, ಒಂದೇ ಚೀಟಿಯಲ್ಲಿ ನಡೆಯಬೇಕು.

ತೆಂಗಿನ ಸೀಮೆ

ಫಿಟ್ಸ್ ಬಂದಿಲ್ಲ ಸಿಸ್ಟರ್. ಕಾಮಾಲೆ ಇಲ್ಲ. ಸಾಯುವ ಮಾತು ನೇರವಾಗಿ ಆಡಿಲ್ಲ, "ನಾನಿದ್ದು ಏನು" ಅಂತ ಒಂದೆರಡು ಸಲ ಅಂದಿದ್ದಾನೆ. ಆಣೆ ಮುಂದಕ್ಕೆ ಹಾಕು ಅಂತ ಹೇಳಿದ್ದಕ್ಕೆ ನನ್ನನ್ನೇ ವಿಚಿತ್ರವಾಗಿ ನೋಡಿದ. ನರ್ಸ್ ಬರೆದದ್ದನ್ನು ಓದಿ ಹೇಳಿದೆ. ಸುಮ್ಮನಾದ. ಎಲ್ಲಿಗೆ ಹೋಗಬೇಕು? ಬೆಂಗಳೂರಿಗೇ ಹೋಗಬೇಕಾ?

ಮಲೆನಾಡ ಮಳೆ

ಬೆಂಗಳೂರಿಗೇ ಅಂತಿಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನಕ್ಕೇ ಪ್ರತ್ಯೇಕ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಆದರೆ ಮೊದಲು ಹತ್ತಿರದ್ದು ನೋಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. ಅದಲ್ಲದೆ ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದು ನೋಡುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

"ನಾನಿದ್ದು ಏನು" ಅನ್ನುವುದು ಸಣ್ಣ ಮಾತಲ್ಲ ಅಕ್ಕ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಇವತ್ತೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಇದೆ, ದುಡ್ಡಿಲ್ಲ. 2022ರಲ್ಲಿ ಶುರುವಾಗಿದ್ದು. ನೀವು ಮನೆಯವರಾಗಿಯೂ ಮಾಡಬಹುದು. ಚಟ ಬಿಡಿಸುವುದಕ್ಕೇ 14446 ಇದೆ. ತೋಟದ ಔಷಧಿ ಡಬ್ಬಗಳನ್ನು ಬೀಗ ಹಾಕಿ ಇಡಿ.

ಬುತ್ತಿ ಗಂಟು

ಎಲ್ಲ ಹೆಂಗಸರಿಗೂ ಒಂದು ಮಾತು. ನಾನು ಮಾಡಿದ ತಪ್ಪು ಯಾರೂ ಮಾಡಬೇಡಿ. "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಿ" ಅಂತ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ನೋಡಿ ಪುಡಿ ತರಿಸಿದೆ. ದಿನಾ ಸಾರಿಗೆ ಹಾಕಿದೆ. ನಾದಿನಿ ಮದುವೆ ದಿನ ಇವರು ಕುಡಿದರು. ಹತ್ತು ನಿಮಿಷಕ್ಕೆ ಮುಖ ಕೆಂಪಾಯಿತು, ಎದೆ ಹಿಡಿದುಕೊಂಡು ಛತ್ರದ ಹಿಂದೆ ಬಿದ್ದರು. ಆಸ್ಪತ್ರೆಯಲ್ಲಿ ಬಿಪಿ ಇಳಿದು ಹೋಗಿತ್ತು. ಡಾಕ್ಟರ್ "ಏನು ತಗೊಂಡಿದ್ದಾರೆ, ಏನು ಕೊಟ್ಟಿದ್ದೀರಿ" ಅಂತ ಕೇಳುತ್ತಲೇ ಇದ್ದರು. ಅತ್ತೆ ಪಕ್ಕದಲ್ಲಿದ್ದರು. ನನಗೆ ಬಾಯಿ ಬರಲಿಲ್ಲ. ಸುಮಾರು ಹೊತ್ತಾದ ಮೇಲೆ ಅಳುತ್ತಾ ಹೇಳಿದೆ.

ಡೈಸಲ್ಫಿರಾಮ್ ಅನ್ನುವ ಮಾತ್ರೆ ತಗೊಂಡವರು ಕುಡಿದರೆ ಹೀಗೇ ಆಗುತ್ತದಂತೆ. ಡಾಕ್ಟರ್ ಹೇಳಿದ್ದು ಇಷ್ಟು. ಆ ಮಾತ್ರೆಯೇನೂ ಕೆಟ್ಟದ್ದಲ್ಲ, ಆದರೆ ತಗೊಳ್ಳುವವನಿಗೆ ಗೊತ್ತಿದ್ದು, ಅವನು ಒಪ್ಪಿ, ಹೃದಯ ಮತ್ತು ಲಿವರ್ ಪರೀಕ್ಷೆ ಆದ ಮೇಲೆ ಮಾತ್ರ. ನಾನು ಹಾಕಿದ ಪುಡಿಯಲ್ಲಿ ಏನಿತ್ತು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.

ಏರ್‌ ಬ್ರೇಕ್

ನಾನು ಲಾರಿ ಡ್ರೈವರ್. ಮೂರು ವರ್ಷ ನಾಲ್ಕು ತಿಂಗಳಾಯಿತು ಬಿಟ್ಟು. ಪೂರ್ತಿ ಓಪಿಡಿಯಲ್ಲೇ. ತಮ್ಮನಿಗೆ ಇದನ್ನು ಓದಿ ಹೇಳಿ ಅಕ್ಕ.

ಮೊದಲ ಐದು ದಿನ ನನ್ನ ಹೆಂಡತಿ ಮಾತ್ರೆ ಕವರ್ ಸೆರಗಿಗೆ ಕಟ್ಟಿಕೊಂಡೇ ಓಡಾಡಿದಳು. ಕವರ್ ಮೇಲೆ ಮೆಡಿಕಲ್ ಶಾಪ್ ಹುಡುಗ ಸೂರ್ಯ, ಚಂದ್ರ ಬರೆದು ಕೊಟ್ಟಿದ್ದ, ಅವಳಿಗೆ ಓದಲು ಬರುವುದಿಲ್ಲ. ಸೂರ್ಯ ಎರಡು, ಚಂದ್ರ ಮೂರು, ಆಮೇಲೆ ಸೂರ್ಯ ಒಂದು, ಹೀಗೆ ಕಡಿಮೆ ಆಗುತ್ತಾ ಹೋಯಿತು. ಮೂರನೇ ರಾತ್ರಿ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಅವಳು ಮಜ್ಜಿಗೆ ಕೊಡುತ್ತಾ ಬೆಳಗಿನವರೆಗೆ ಕೂತಿದ್ದಳು.

ಕುಡಿತ ನಿಂತಿತು. ಆದರೆ ಅಕ್ಕ, ಒಂದು ತಿಂಗಳಾದರೂ ನನಗೆ ಬದುಕು ಬೇಕು ಅನ್ನಿಸಲಿಲ್ಲ. ಮೂರು ಗಂಟೆಗೆ ಎಚ್ಚರ. ಊಟ ಮಣ್ಣು. ಮಗಳು ಮಾತಾಡಿಸಿದರೆ ಅಳು ಬರುತ್ತಿತ್ತು. ಕುಡಿದಿದ್ದರೇ ಚೆನ್ನಾಗಿತ್ತಲ್ವಾ ಅನ್ನಿಸಿಬಿಟ್ಟಿತ್ತು. ಫಾಲೋಅಪ್‌ಗೆ ಹೋದಾಗ ಡಾಕ್ಟರಿಗೆ ಅದನ್ನೇ ಹೇಳಿದೆ. ಬೈಯಲಿಲ್ಲ. ಇದೂ ಕಾಯಿಲೆ ಅಂತ ಇನ್ನೊಂದು ಮಾತ್ರೆ ಬರೆದರು. ಮೊದಲ ಎರಡು ವಾರ ಏನೂ ಗೊತ್ತಾಗಲ್ಲ, ಬಿಡಬೇಡಿ ಅಂದರು. ಮೂರನೇ ವಾರ ಒಂದು ದಿನ ಗಾಡಿ ತೊಳೆಯುತ್ತಾ ನಾನೇ ಹಾಡು ಗುನುಗುತ್ತಿದ್ದೆ. ಕ್ಲೀನರ್ ಹುಡುಗ ನಿಂತು ನೋಡಿದ.

ಮಧ್ಯೆ ಎರಡು ಸಲ ಜಾರಿದೆ. ಒಂದು ಸಲ ಹೊಸಪೇಟೆ ಹತ್ತಿರ ಢಾಬಾದಲ್ಲಿ. ನಾಚಿಕೆಗೆ ಒಂದು ತಿಂಗಳು ಆಸ್ಪತ್ರೆಗೆ ಹೋಗಲಿಲ್ಲ, ಆ ಒಂದು ತಿಂಗಳೇ ನನ್ನನ್ನು ಹಾಳು ಮಾಡಿದ್ದು. ಎರಡನೇ ಸಲ ಜಾರಿದ ಮಾರನೇ ದಿನವೇ ಹೋದೆ. ನಾಲ್ಕು ದಿನದಲ್ಲಿ ಸರಿಯಾದೆ. ಜಾರಿದರೆ ಮುಖ ಮುಚ್ಚಿಕೊಂಡು ಕೂರಬೇಡ ಅಂತ ತಮ್ಮನಿಗೆ ಈಗಲೇ ಹೇಳಿಡಿ.

ಮೆಟ್ರೋ ಕೊನೆ ಸ್ಟಾಪ್

ಇಲ್ಲಿ ಎಲ್ಲರೂ ಗಂಡಸರ ಕುಡಿತದ ಬಗ್ಗೆಯೇ ಬರೆದಿದ್ದೀರಿ. ನನಗೆ 29, ಹೆಣ್ಣು, ಬೆಂಗಳೂರಿನಲ್ಲಿ ಕೆಲಸ. ರೂಮಿನಲ್ಲಿ ಒಬ್ಬಳೇ ಕುಡಿಯುತ್ತಿದ್ದೆ, ಯಾರಿಗೂ ಗೊತ್ತಿರಲಿಲ್ಲ. ಶುರುವಾಗಿದ್ದು ಎದೆ ಡವಡವ ಅನ್ನುವ ಭಯ ತಡೆಯಲಾರದೆ. ಆಸ್ಪತ್ರೆಯಲ್ಲಿ ಕ್ಯೂ ನಿಂತಾಗ ಪರಿಚಯದವರು ಸಿಕ್ಕರೆ ಅಂತ ಮಾಸ್ಕ್ ಹಾಕಿಕೊಂಡು ಹೋದೆ. ಡಾಕ್ಟರ್ ಕುಡಿತಕ್ಕಿಂತ ಮೊದಲು ಭಯದ ಬಗ್ಗೆ ಕೇಳಿದರು. ಅಲ್ಲೇ ಅತ್ತುಬಿಟ್ಟೆ. ನಮ್ಮ ಚಿಕಿತ್ಸೆಯ ಗುಟ್ಟು ಕಾಪಾಡಬೇಕು ಅಂತ ಕಾಯ್ದೆಯಲ್ಲೇ ಇದೆ, ಆಫೀಸಿಗೆ ಯಾರೂ ಹೇಳಲಿಲ್ಲ. ವಾರಕ್ಕೊಂದು ಸಲ ಕೌನ್ಸೆಲಿಂಗ್, ಕೆಲಸ ಬಿಡಲಿಲ್ಲ. ಹೆಂಗಸರೇ, ಹೋಗಿ.

ಹಾಸನ ರೋಡ್

ಸರಪಳಿ ವಿಷಯ ಓದಿ ಬೇಜಾರಾಯಿತು. ನಾನು ಸಿಟ್ಟಿನಲ್ಲಿ ಬರೆದೆ. ಅಕ್ಕ ದಿನಾ ಫೋನ್‌ನಲ್ಲಿ ಅಳುತ್ತಾಳೆ. ಒಂದು ನಿಜ ಹೇಳುತ್ತೇನೆ, ಭಾವನ ಜೊತೆ ಆಸ್ಪತ್ರೆಗೆ ನಾವು ಯಾರೂ ಎರಡನೇ ಸಲ ಹೋಗಲಿಲ್ಲ. ಅವರೊಬ್ಬರನ್ನೇ ಬಸ್ ಹತ್ತಿಸಿದೆವು. ನಮ್ಮ ಊರಿನಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರ ಇದೆಯಂತೆ. ಅದಕ್ಕೆ ಕಳಿಸಬಹುದಾ?

ಆಪ್ತ ಸಮಾಲೋಚಕಿ, ಧಾರವಾಡ ಕಡೆ

ಕಳಿಸಬಹುದು ಸರ್. ಶಿಬಿರದಿಂದ ಬದುಕು ತಿರುಗಿದವರನ್ನು ನಾನೂ ನೋಡಿದ್ದೇನೆ, ಊರಿನವರೇ ಜೊತೆಗೆ ನಿಲ್ಲುತ್ತಾರೆ ಅನ್ನುವುದು ದೊಡ್ಡ ಬಲ. ಹೋಗುವ ಮೊದಲು ಒಂದು ಸಲ ಡಾಕ್ಟರಿಗೆ ತೋರಿಸಿ, ನಡುಕ ಫಿಟ್ಸ್ ವಿಷಯ ಶಿಬಿರದವರಿಗೂ ಹೇಳಿ. ಬಂದ ಮೇಲೆ ಓಪಿಡಿ ಬಿಡಬೇಡಿ. ನಿಮ್ಮ ಅಕ್ಕನಿಗೂ ಯಾರಾದರೂ ಬೇಕು. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳು ಕುಡಿಯುವವರಿಗೆ, ಅಲ್-ಅನಾನ್ ಅವರ ಮನೆಯವರಿಗೆ. ಎರಡಕ್ಕೂ ಫೀಸ್ ಇಲ್ಲ.

ಖರ್ಚಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಕಾಯ್ದೆ ಪ್ರಕಾರ ಮಾನಸಿಕ ಕಾಯಿಲೆಗೂ ದೇಹದ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು. ಆದರೆ ಬಹಳಷ್ಟು ವಿಮೆ ಅಡ್ಮಿಟ್ ಆದರೆ ಮಾತ್ರ. ಓಪಿಡಿ ಮಾತ್ರೆಯ ಖರ್ಚು ಕೈಯಿಂದಲೇ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದನ್ನು ಅಲ್ಲೇ ತಗೊಳ್ಳಿ, ಇಲ್ಲದ್ದನ್ನು ಜನೌಷಧಿ ಅಂಗಡಿಯಲ್ಲಿ ಕೇಳಿ.

ತೆಂಗಿನ ಸೀಮೆ

ಒಂದೂವರೆ ತಿಂಗಳಾಯಿತು, ಬರೆಯಲು ಆಗಲಿಲ್ಲ, ಕ್ಷಮಿಸಿ.

ಮಂಗಳವಾರ ಕರೆದುಕೊಂಡು ಹೋದೆವು. ನಾನು, ಅವನ ಹೆಂಡತಿ, ಅವನು. ನಮಗಿಬ್ಬರಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್‌ಗೆ ದುಡ್ಡಿಲ್ಲ, ಅವನೊಬ್ಬನದೇ ಖರ್ಚು. ಡಾಕ್ಟರ್ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಮೊದಲು ಮಾತಾಡಿದರು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. ಅಪ್ಪನ ಬಗ್ಗೆ ಕೇಳಿದರಂತೆ. ಎರಡು ವರ್ಷದಲ್ಲಿ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಫಿಟ್ಸ್ ಇಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆ ಅಂತ ಓಪಿಡಿಯಲ್ಲೇ ಶುರು ಮಾಡಿದರು. ದಿಕ್ಕು ತಪ್ಪಿದ ಹಾಗೆ ಮಾತಾಡಿದರೆ ಕಾಯದೆ 108ಕ್ಕೆ ಫೋನ್ ಮಾಡಿ ಅಂತ ಬರೆದು ಕೊಟ್ಟರು. ಬೇಕಾಗಲಿಲ್ಲ. ಕೈ ನಡುಕ ಆರನೇ ದಿನಕ್ಕೆ ನಿಂತಿತು.

ಸೀಮಂತದ ದಿನ ಕುಡಿದ. ನೆಂಟರು ಮನೆ ಹಿಂದೆ ಕಾರ್ ಡಿಕ್ಕಿಯಲ್ಲಿ ಇಟ್ಟುಕೊಂಡು ಕುಡಿಯುತ್ತಿದ್ದರು, ಇವನನ್ನು ಕರೆದರು. ಹೆಂಡತಿ ಹಸಿರು ಬಳೆ ತೊಟ್ಟು ಒಳಗೆ ಕೂತಿದ್ದಳು. ನನಗೆ ಕಾಲ ಕೆಳಗಿನ ನೆಲ ಕುಸಿದ ಹಾಗಾಯಿತು. ಬೈಯಲು ಬಾಯಿಯವರೆಗೆ ಬಂತು. ಲಾರಿ ಅಣ್ಣ ಬರೆದದ್ದು ನೆನಪಾಯಿತು. ಮಾರನೇ ದಿನ ಬೆಳಿಗ್ಗೆ "ಎದ್ದೇಳು, ಬಸ್ಸಿಗೆ ಹೊತ್ತಾಯಿತು" ಅಂದೆ ಅಷ್ಟೇ. ಮಂಗಳವಾರ ಆಗಿರಲಿಲ್ಲ, ತುಮಕೂರು ಜಿಲ್ಲಾ ಆಸ್ಪತ್ರೆಗೆ ಹೋದೆವು. ಖಿನ್ನತೆಗೂ ಈಗ ಮಾತ್ರೆ ಶುರುವಾಗಿದೆ. ಇವತ್ತಿಗೆ ಹದಿನೇಳು ದಿನ.

ಈಗ ಒಂದು ಪ್ರಶ್ನೆ. ತಮ್ಮನ ಹೆಂಡತಿಯನ್ನು ಹೆರಿಗೆಗೆ ತವರಿಗೆ ಕರೆದುಕೊಂಡು ಹೋಗುತ್ತಾರೆ. ಇಷ್ಟು ದಿನ ಮಾತ್ರೆ ಅವಳೇ ಕೊಡುತ್ತಿದ್ದಳು. ನಾನು ಗಂಡನ ಮನೆಯಲ್ಲಿ, ಎಂಟು ಕಿಲೋಮೀಟರ್ ದೂರ. ಅಮ್ಮನಿಗೆ ಕಣ್ಣು ಕಾಣುವುದಿಲ್ಲ. ರಾತ್ರಿ ಮಾತ್ರೆ ತಗೊಂಡನಾ ಇಲ್ಲವಾ ಅಂತ ಹೇಗೆ ನೋಡಿಕೊಳ್ಳುವುದು?

ಏರ್‌ ಬ್ರೇಕ್

ನಾನು ಗಾಡಿಯಲ್ಲಿದ್ದಾಗ ರಾತ್ರಿ ಒಂಬತ್ತಕ್ಕೆ ಹೆಂಡತಿಗೆ ವಿಡಿಯೋ ಕಾಲ್ ಮಾಡಿ ಅವಳ ಎದುರಿಗೇ ಮಾತ್ರೆ ನುಂಗುತ್ತಿದ್ದೆ ಅಕ್ಕ. ಈಗಲೂ ಹಾಗೇ. ಅವನು ಹೆಂಡತಿಗೇ ಮಾಡಲಿ. ಹೆರಿಗೆ ದಿನ ಅವಳಿಗೆ ಫೋನ್ ತೆಗೆಯಲು ಆಗುವುದಿಲ್ಲ, ಆವತ್ತು ನನಗೆ ಮಾಡಲಿ. ನಂಬರ್ ನಿಮಗೆ ಮೆಸೇಜ್ ಮಾಡಿದ್ದೇನೆ.